ಮನೆಯಂಗಳಕ್ಕೊಂದು ಮಿತವ್ಯಯದ ಬಳ್ಳಿಚಪ್ಪರ

ಬಿದಿರನ್ನು ಸೀಳಿ ಬುಟ್ಟಿ, ಮೊರಗಳನ್ನು ಹೆಣೆಯುವುದನ್ನೇ ಕಾಯಕವಾಗಿ ಸ್ವೀಕರಿಸಿ, ಬಂದುದನ್ನು ದಾಸೋಹಕ್ಕೆ ಸಲ್ಲಿಸಿದ ಹನ್ನೆರಡನೆಯ ಶತಮಾನದ ಶರಣ ಮೇದರ ಕೇತಯ್ಯನವರ ಹೆಸರನ್ನು ಕೇಳದ ಶರಣ ಕುಟುಂಬ ಇರಲಾರದು. ಆ ಮಹನೀಯರ ಕೈಯಲ್ಲಿ ಘನತೆ ಪಡೆದ ಬಿದಿರು ಇಂದಿಗೂ ಮಲೆನಾಡಿನ ಮನೆಗಳ ಆಪ್ತಬಂಧು. ಸಕಲೇಶಪುರ, ಆಲೂರು ಸೀಮೆಯ ಮನೆಯಂಗಳದಲ್ಲಿ ಬಿದಿರಿನದೊಂದು ಚಪ್ಪರವಿದ್ದರೆ ನಿತ್ಯದ ಇಷ್ಟಲಿಂಗಪೂಜೆಗೆ ಹೂವೂ, ಮನೆಗೆ ಬಂದವರ ದಾಸೋಹಕ್ಕೆ ಕಾಯಿಪಲ್ಯವೂ ಕೈಗೆಟಕುವಷ್ಟು ಹತ್ತಿರದಲ್ಲಿ ದೊರೆಯುತ್ತವೆ.

ಆದರೆ ಯಾವ ಚಪ್ಪರ ಅಗ್ಗ ಎಂಬುದನ್ನು ಕೊಳ್ಳುವ ದಿನದ ಬೆಲೆಯಿಂದ ಅಳೆಯುವುದು ತರವಲ್ಲ. ಅದು ಎಷ್ಟು ಮಳೆಗಾಲಗಳನ್ನು ತಾಳುವುದೆಂಬುದೇ ನಿಜವಾದ ಅಳತೆ. ಪೇಟೆಯಲ್ಲಿ ಸಿಗುವ ತೆಳು ಕೊಳವೆಯ ಕಬ್ಬಿಣದ ಕಮಾನುಗಳು ನೋಟಕ್ಕೆ ಅಂದವಾಗಿರುತ್ತವೆ. ಆದರೆ ಅವುಗಳ ಕಾಲು ಮಣ್ಣಿಗೆ ಇಳಿಯುವುದು ಅಂಗುಲಗಳ ಲೆಕ್ಕದಲ್ಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಮಳೆ. ಆಲೂರಿನ ಕಡೆಗಿಂತ ಹೆತ್ತೂರು, ಬಿಸಿಲೆಯ ಘಟ್ಟದಂಚಿನಲ್ಲಿ ಅದರ ಆರ್ಭಟ ಹೆಚ್ಚು. ನೆನೆದು ಭಾರವಾದ ಬಳ್ಳಿ ಗಾಳಿಗೆ ಹಾಯಿಯಂತೆ ಉಬ್ಬಿದಾಗ ಆಳವಿಲ್ಲದ ಕಾಲು ಕಿತ್ತು ಬರುತ್ತದೆ. ಶ್ರಾವಣದ ಪೂಜೆಗೆ ಹೂ ಬೇಕಾದ ಹೊತ್ತಿಗೇ ಬಳ್ಳಿ ಬುಡಸಹಿತ ನೆಲಕಚ್ಚಿದರೆ ಒಂದು ವರ್ಷದ ಆರೈಕೆಯೇ ವ್ಯರ್ಥ.

ಹಾಗೆಂದು ಮರದ ಕಂಬವೋ ಬಿದಿರೋ ಆದರೆ ಚಿಂತೆಯಿಲ್ಲವೆನ್ನುವಂತಿಲ್ಲ. ಅವು ಕೊಳೆಯುವುದು ಮಣ್ಣಿನ ಮಟ್ಟದಲ್ಲಿ, ತೇವವೂ ಗಾಳಿಯೂ ಕೂಡುವ ಜಾಗದಲ್ಲಿ. ಸಂಸ್ಕರಿಸದ ಬಿದಿರು ನೆಲದಲ್ಲಿ ಎರಡು-ಮೂರು ವರ್ಷ ಬಾಳಿದರೆ ಹೆಚ್ಚು. ಕಲ್ಲುಕಂಬ ಬಾಳುತ್ತದೆ, ಆದರೆ ಸಾಗಿಸುವ, ನೆಡುವ ಖರ್ಚು ಎಲ್ಲರಿಗೂ ಎಟುಕದು.

ಇದಕ್ಕೆ ಪರಿಹಾರ ನಮ್ಮ ಕಾಫಿ ತೋಟಗಳಲ್ಲಿಯೇ ಇದೆ. ಕರಿಮೆಣಸಿನ ಬಳ್ಳಿಯನ್ನು ಹಿರಿಯರು ಹಬ್ಬಿಸಿದ್ದು ಜೀವಂತ ಹಾಲುವಾಣದ ಮರಕ್ಕೆ. ಬೇರೂರಿದ ಕಂಬ ಕೊಳೆಯುವುದಿಲ್ಲ. ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಈ ವಿವೇಕವನ್ನು ಅಂಗಳಕ್ಕೂ ತರಬಹುದು. ಮೊದಲು ಬಿದಿರಿನ ಚಪ್ಪರ ನಿಲ್ಲಿಸಿ, ಪ್ರತಿಯೊಂದು ಕಂಬದ ಪಕ್ಕದಲ್ಲಿ ಹಾಲುವಾಣದ ಅಥವಾ ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಗೂಟವೊಂದನ್ನು ನೆಡಬೇಕು. ಬಿದಿರು ಸೋಲುವ ವೇಳೆಗೆ ಗೂಟ ಬೆಳೆದು ಭಾರವನ್ನು ಹೊರಲು ಸಿದ್ಧವಾಗಿರುತ್ತದೆ.

ಕಟ್ಟುವ ವಿಧಾನ ಹೀಗಿದೆ. ಮೂರು-ನಾಲ್ಕು ವರ್ಷ ಬಲಿತ ಬಿದಿರನ್ನು ಮಳೆ ನಿಂತ ಮೇಲೆ, ಚಳಿಗಾಲದಲ್ಲಿ ಕಡಿಯಿರಿ. ಕೆಲವು ವಾರ ಕೆರೆಯಲ್ಲೋ ಹಳ್ಳದಲ್ಲೋ ಮುಳುಗಿಸಿಟ್ಟರೆ ಒಳಗಿನ ಪಿಷ್ಟ ಕರಗಿ ಹುಳುವಿನ ಕಾಟ ತಗ್ಗುತ್ತದೆ. ಅನಂತರ ನೆರಳಿನಲ್ಲಿ ಒಣಗಿಸಿ, ಮಣ್ಣಿಗಿಳಿಯುವ ಭಾಗಕ್ಕೆ ಡಾಂಬರು ಬಳಿಯಿರಿ. 9 ಅಡಿ ಉದ್ದದ ನಾಲ್ಕು ಕಂಬಗಳು ಸಾಕು. 2 ಅಡಿ ಆಳದ ಗುಂಡಿಯ ತಳಕ್ಕೆ ಜಲ್ಲಿ ಹಾಸಿ, ಕಂಬವನ್ನಿಟ್ಟು, ಕಲ್ಲು ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡಬೇಕು. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣನ್ನು ಹೊರಮುಖವಾಗಿ ಇಳಿಜಾರು ಮಾಡಿ. ಮೂಲೆಗಳಲ್ಲಿ ಓರೆಯಾಗಿ ಒಂದೊಂದು ಬಿದಿರು ಬಿಗಿದರೆ ಚಪ್ಪರ ಗಾಳಿಗೆ ವಾಲದು. ಮೇಲ್ಭಾಗಕ್ಕೆ ಸತುವು ಲೇಪಿಸಿದ ತಂತಿಯನ್ನು ಒಂದೂವರೆ ಅಡಿ ಅಂತರದಲ್ಲಿ ಅಡ್ಡ-ಉದ್ದ ಎಳೆಯಿರಿ. ತೆಂಗಿನ ನಾರಿನ ಹಗ್ಗ ಮಳೆಗೆ ಕೊಳೆಯುತ್ತದೆ. ಎಳೆಯ ಕುಡಿಗಳನ್ನು ಕಟ್ಟಲು ಮಾತ್ರ ಮೆತ್ತನೆಯ ಬಾಳೆನಾರು ಉತ್ತಮ.

ಮುಂಗಾರಿನ ಮೊದಲ ಮಳೆಗೆ, ಮಣಿಕಟ್ಟಿನಷ್ಟು ದಪ್ಪದ ಗೂಟಗಳನ್ನು ಒಂದೂವರೆ ಅಡಿ ಆಳಕ್ಕೆ ನೆಡಿ. ಮುಂದೆ ಅವು ಬಲಿತಾಗ ತಂತಿಯನ್ನು ಬಿಗಿಯಾಗಿ ಸುತ್ತಬಾರದು, ಸಿಪ್ಪೆ ಅದನ್ನು ನುಂಗಿಬಿಡುತ್ತದೆ. ಸಡಿಲ ಬಳೆಯೊಂದನ್ನು ತೊಡಿಸಿ, ಅದಕ್ಕೆ ಕಟ್ಟಿರಿ. ಪ್ರತಿವರ್ಷ ಮಳೆಗೆ ಮುನ್ನ ಕೊಂಬೆ ಸವರುವುದು ಅಗತ್ಯ, ಇಲ್ಲವಾದರೆ ಬಳ್ಳಿಗೆ ಬಿಸಿಲು ದೊರೆಯದು. ಸವರಿದ ಸೊಪ್ಪು ಗಿಡದ ಬುಡಕ್ಕೆ ಒಳ್ಳೆಯ ಗೊಬ್ಬರ.

ಜಾಗ ಬೆಳಗಿನ ಬಿಸಿಲು ಬೀಳುವಂತಿರಲಿ. ಸೂರಿನ ನೀರು ಸುರಿಯುವೆಡೆ ಬೇಡ. ಹಾಗಲ, ತೊಂಡೆ, ಶಂಖಪುಷ್ಪಗಳು ಹಗುರ ಬಳ್ಳಿಗಳು. ಮೊದಲೆರಡು ವರ್ಷ ಇವುಗಳಿಗೇ ಆದ್ಯತೆ. ಸೀಮೆಬದನೆ, ಸೋರೆ, ಶರಬತ್ತಿನ ಹಣ್ಣಿನ ಬಳ್ಳಿಗಳು ಭಾರವಾದುವು. ಗೂಟ ಬಲಿತ ಮೇಲೆ ಅವನ್ನು ಹಬ್ಬಿಸಿರಿ. ಸೀಮೆಬದನೆಗೆ ಬೀಜ ಹುಡುಕಬೇಕಿಲ್ಲ, ಮೊಳೆತ ಇಡೀ ಕಾಯಿಯನ್ನೇ ನೆಡುವುದು ರೂಢಿ.

ಅಳತೆ 8 ಅಡಿಗೆ 6 ಅಡಿ ಇದ್ದರೆ ಸಣ್ಣ ಸಂಸಾರಕ್ಕೆ ಸಾಕು. ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಮರಳಿಸಿದ ಆಯ್ದಕ್ಕಿ ಲಕ್ಕಮ್ಮನವರ ಮಿತಿಯ ಅರಿವು ಅಂಗಳದ ಕೆಲಸಕ್ಕೂ ಸಲ್ಲುತ್ತದೆ. ಕಾಡಾನೆಗಳು ಓಡಾಡುವ ಈ ಸೀಮೆಯಲ್ಲಿ ಚಪ್ಪರದ ಬಳಿ ಬಾಳೆ ಬೆಳೆಸದಿರುವುದು ಜಾಣತನ. ಸಾವಿರಾರು ರೂಪಾಯಿಯ ಕಮಾನು ಒಂದು ರಾತ್ರಿಯಲ್ಲಿ ಮುರಿದರೆ ಮತ್ತೆ ಹಣವೇ ಬೇಕು. ಬಿದಿರು, ಗೂಟಗಳ ಚಪ್ಪರವಾದರೆ ಮನೆಯವರ ಎರಡು ದಿನದ ದುಡಿಮೆ ಸಾಕು.

ಈ ಕೆಲಸದಲ್ಲಿ ಮಕ್ಕಳನ್ನೂ ಜೊತೆಗೂಡಿಸಿಕೊಳ್ಳಿರಿ. ತಾವು ನೆಟ್ಟ ಗೂಟ ಚಿಗುರಿದುದನ್ನು ಕಂಡ ಮಗುವಿಗೆ ಕಾಯಕದ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮುಂಜಾನೆ ಆ ಚಪ್ಪರದಿಂದ ಬಿಡಿಸಿದ ನಾಲ್ಕು ಹೂಗಳು ಪೂಜೆಗೂ, ಒಂದು ಹಿಡಿ ತೊಂಡೆಕಾಯಿ ನೆರೆಮನೆಗೂ ಸಂದರೆ ಚಪ್ಪರ ಕಟ್ಟಿದ ಶ್ರಮ ಸಾರ್ಥಕ.