ಸಕ್ಕರೆ ಎಷ್ಟು ಸೇರಿತು, ಎಷ್ಟು ವೇಗದಲ್ಲಿ ಸೇರಿತು

ಹುಟ್ಟೂರು ಗಂಗಾವತಿ. ಕೆಲಸ ಹುಬ್ಬಳ್ಳಿಯಲ್ಲಿ, ಪೆಟ್ ಸ್ಕ್ಯಾನ್ ಯಂತ್ರದ ಮುಂದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದ ಮೇಲೆ ಆ ಕಡೆಯ ರೋಗಿಗಳಿಗೂ ಹುಬ್ಬಳ್ಳಿ ಹತ್ತಿರವಾಯಿತು. ನಮ್ಮ ಕಡೆಯವರು ಅಂತ ಮಾತಿನಲ್ಲೇ ಗೊತ್ತಾಗುತ್ತದೆ.

‘ತಮ್ಮಾ, ರಾತ್ರಿಯಿಂದ ಬಾಯಾಗ ಏನೂ ಹಾಕಿಲ್ಲ. ಒಂದ್ ಕಪ್ ಚಾ ಅಷ್ಟ.’

‘ಅಜ್ಜಾರ, ಆ ಚಾದಾಗಿನ ಸಕ್ರಿನ ನಮಗ ಅಡ್ಡ ಬರೂದ್ರಿ!’

ಅಡ್ಡ ಬರುವುದು ಹೇಗೆಂದರೆ, ಈ ಸ್ಕ್ಯಾನಿನ ಜೀವಾಳವೇ ಸಕ್ಕರೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ವಿಪರೀತವಾಗಿ ಬಳಸುತ್ತವೆ ಎಂಬುದನ್ನು ಜರ್ಮನಿಯ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ಕಂಡಿದ್ದ. ಗ್ಲೂಕೋಸಿನಂಥದೇ ಒಂದು ಅಣುವಿಗೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದರೆ ಎಫ್‌ಡಿಜಿ ಆಗುತ್ತದೆ. ಕೋಶ ಅದನ್ನು ಸಕ್ಕರೆ ಎಂದೇ ಒಳಗೆ ಬಿಟ್ಟುಕೊಳ್ಳುತ್ತದೆ, ಮೊದಲ ಹಂತದ ರಾಸಾಯನಿಕ ಕ್ರಿಯೆಯೂ ನಡೆಯುತ್ತದೆ, ಅಲ್ಲಿಂದ ಮುಂದೆ ಅದು ಕರಗುವುದಿಲ್ಲ. ಒಳಗೇ ಸಿಕ್ಕಿಬೀಳುತ್ತದೆ. ಅದು ಎಲ್ಲಿ ಕೂಡಿದೆ ಎಂದು ಯಂತ್ರ ಪತ್ತೆ ಹಚ್ಚುತ್ತದೆ. ಮನುಷ್ಯರಿಗೆ ಮೊದಲ ಬಾರಿ ಎಫ್‌ಡಿಜಿ ಕೊಟ್ಟಿದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ನಮ್ಮ ದೇಶಕ್ಕೆ ಪೆಟ್ ಬಂದದ್ದು 2002ರಲ್ಲಿ, ಮುಂಬೈಗೆ.

ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರಿನ ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ತಯಾರಾದ ಈ ಔಷಧಿ ರಸ್ತೆ ಮೇಲೆ ಏಳು ತಾಸು ಕಳೆದರೆ ಉಳಿಯುವುದು ಹದಿನಾಲ್ಕನೇ ಒಂದು ಪಾಲಿನಷ್ಟು. ಕೊಟ್ಟ ಹೊತ್ತಿಗೆ ಬನ್ನಿ ಎಂದು ನಾವು ಗೋಗರೆಯುವುದು ಅದಕ್ಕೇ. ತಡವಾಗಿ ಬಂದವರಿಗೆ ಎತ್ತಿಡಲು ಇದು ಕಪಾಟಿನ ಮಾತ್ರೆಯಲ್ಲ.

ಮಾಮೂಲಿ ಪೆಟ್ ಸ್ಕ್ಯಾನಿನಲ್ಲಿ ಸೂಜಿ ಕೊಟ್ಟು ಒಂದು ತಾಸು ಸುಮ್ಮನೆ ಮಲಗಿಸುತ್ತೇವೆ, ಆಮೇಲೆ ಚಿತ್ರ. ಗಡ್ಡೆಯಲ್ಲಿ ಎಷ್ಟು ಸಕ್ಕರೆ ಕೂಡಿದೆ ಎಂಬುದಕ್ಕೆ ಒಂದು ಸಂಖ್ಯೆ ಬರುತ್ತದೆ, ಎಸ್‌ಯುವಿ ಅಂತ. ರಿಪೋರ್ಟ್ ಹಿಡಿದವರು ಮೊದಲು ಹುಡುಕುವುದು ಇದನ್ನೇ. ಕಿಮೋ ಮುಂಚೆ ಹನ್ನೆರಡಿತ್ತು, ಈಗ ಆರಾಗಿದೆ ಎಂದು ಸಮಾಧಾನಪಡುತ್ತಾರೆ. ಆದರೆ ಆ ಸಂಖ್ಯೆ ಬಲು ಚಂಚಲ. ಒಂದು ತಾಸಿನ ಬದಲು ಒಂದೂವರೆ ತಾಸಿಗೆ ಚಿತ್ರ ತೆಗೆದರೆ ಗಡ್ಡೆಯ ಸಂಖ್ಯೆ ಸಾಮಾನ್ಯವಾಗಿ ಏರುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಇಳಿಯುತ್ತದೆ. ರೋಗ ಮಾತ್ರ ಇದ್ದಲ್ಲೇ ಇರುತ್ತದೆ.

ಈ ತೊಡಕಿಗೆ ಒಂದು ಉತ್ತರ ಡೈನಮಿಕ್ ಪೆಟ್. ನಮ್ಮ ಗಂಗಾವತಿಯ ಗದ್ದೆಯಲ್ಲಿ ನಿಂತ ನೀರು ನೋಡಿ ತುಂಗಭದ್ರಾ ಕಾಲುವೆಯ ತೂಬಿನಿಂದ ಎಷ್ಟು ಜೋರಾಗಿ ಹರಿಯಿತು ಎಂದು ಹೇಳಲಾಗದು. ತೂಬಿನ ಹತ್ತಿರ ನಿಂತು ಹರಿವನ್ನೇ ಅಳೆಯಬೇಕು. ಇಲ್ಲಿ ರೋಗಿಯನ್ನು ಯಂತ್ರದೊಳಗೆ ಮಲಗಿಸಿದ ಮೇಲೆಯೇ ಸೂಜಿ. ಔಷಧಿ ರಕ್ತಕ್ಕೆ ಇಳಿದ ಕ್ಷಣದಿಂದ ಸುಮಾರು ಒಂದು ತಾಸು ಎಡೆಬಿಡದೆ ಚಿತ್ರ. ಮೊದಮೊದಲು ಕೆಲವೇ ಸೆಕೆಂಡಿಗೊಂದು, ಕೊನೆಕೊನೆಗೆ ಕೆಲವು ನಿಮಿಷಕ್ಕೊಂದು. ಮಹಾಪಧಮನಿಯ ರಕ್ತದಲ್ಲಿ ಔಷಧಿ ಏರಿಳಿಯುವುದನ್ನೂ ಗಡ್ಡೆಯಲ್ಲಿ ಅದು ಕೂಡುತ್ತಾ ಹೋಗುವುದನ್ನೂ ಎರಡು ಗೆರೆಗಳಾಗಿ ಎಳೆದು, ಕೋಶ ಸಕ್ಕರೆ ಹಿಡಿದಿಡುವ ವೇಗವನ್ನು ಲೆಕ್ಕ ಹಾಕುತ್ತಾರೆ. ಕ್ಲಿಫರ್ಡ್ ಪ್ಯಾಟ್ಲಾಕ್ ಮತ್ತು ಸಂಗಡಿಗರು 1983ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ರಕ್ತದಲ್ಲಿ ಸುಮ್ಮನೆ ತೇಲುತ್ತಿರುವ ಔಷಧಿ ಎಷ್ಟು, ಕೋಶ ನಿಜಕ್ಕೂ ಹಿಡಿದಿಟ್ಟದ್ದು ಎಷ್ಟು ಎಂಬುದು ಬೇರೆಬೇರೆಯಾಗಿ ಸಿಗುತ್ತದೆ.

ಹಾಗಿದ್ದರೆ ಎಲ್ಲರಿಗೂ ಇದನ್ನೇ ಯಾಕೆ ಮಾಡುವುದಿಲ್ಲ? ಒಬ್ಬ ರೋಗಿಗೆ ಯಂತ್ರ ಒಂದು ತಾಸು ಕಟ್ಟಿಬೀಳುತ್ತದೆ. ಆ ಹೊತ್ತಿನಲ್ಲಿ ಇಬ್ಬರು ಮೂವರ ಮಾಮೂಲಿ ಸ್ಕ್ಯಾನ್ ಮುಗಿಯುತ್ತದೆ. ಸಾಮಾನ್ಯ ಯಂತ್ರಕ್ಕೆ ಒಂದು ಸಲಕ್ಕೆ ಕಾಣುವುದು ದೇಹದ ಒಂದು ಗೇಣು, ಹೆಚ್ಚೆಂದರೆ ಸ್ವಲ್ಪ ಮೇಲೆ. ನೋವಿನಲ್ಲಿರುವವರು ಅಷ್ಟು ಹೊತ್ತು ಅಲುಗಾಡದೆ ಮಲಗುವುದೂ ಕಷ್ಟ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ರೂಪುಗೊಂಡ, ಸುಮಾರು ಎರಡು ಮೀಟರ್ ಉದ್ದದ ಎಕ್ಸ್‌ಪ್ಲೋರರ್ ಯಂತ್ರ ಇಡೀ ದೇಹವನ್ನು ಒಟ್ಟಿಗೆ ನೋಡುತ್ತದೆ. ಅದರ ಮೊದಲ ಮಾನವ ಚಿತ್ರಗಳು 2018ರಲ್ಲಿ ಬಂದವು. ಅಂಥವು ಹೆಚ್ಚಾದರೆ ಡೈನಮಿಕ್ ಪೆಟ್ ಸಲೀಸಾದೀತು. ಸದ್ಯಕ್ಕೆ ಇದು ಹೆಚ್ಚಾಗಿ ಸಂಶೋಧನೆಯ ಸರಕು. ಅದನ್ನೇ ಮಾಡಿಸಿ ಎಂದು ಡಾಕ್ಟರ ಬೆನ್ನು ಹತ್ತುವ ಅಗತ್ಯವಿಲ್ಲ. ಇನ್ನೊಂದು ಮಾತು, ಸಕ್ಕರೆ ನುಂಗುವುದು ಕ್ಯಾನ್ಸರ್ ಒಂದೇ ಅಲ್ಲ. ಕ್ಷಯದ ಗಂಟೂ ಚಿತ್ರದಲ್ಲಿ ಹಾಗೇ ಹೊಳೆಯುತ್ತದೆ. ಆದ್ದರಿಂದ ಬಯಾಪ್ಸಿ ಬೇಕೆಂದರೆ ಹೆದರಿ ತಪ್ಪಿಸಿಕೊಳ್ಳಬೇಡಿ.

ನನ್ನ ಮಟ್ಟಿಗೆ, ಮಾಮೂಲಿ ಸ್ಕ್ಯಾನನ್ನೇ ಕಟ್ಟುನಿಟ್ಟಾಗಿ ಮಾಡಿಸಿಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ. ನಾಲ್ಕರಿಂದ ಆರು ತಾಸು ಬರೀ ನೀರು. ರೈಲಿನಲ್ಲಿ ಮಂಡಕ್ಕಿ-ಮಿರ್ಚಿ ಎಷ್ಟೇ ಕರೆದರೂ ಬೇಡ, ಗಿರ್ಮಿಟ್ಟೂ ಬೇಡ. ಹಿಂದಿನ ದಿನ ಭತ್ತದ ನಾಟಿಗೋ ಹಮಾಲಿಗೋ ಹೋಗಬೇಡಿ. ದುಡಿದ ಸ್ನಾಯುಗಳೂ ಸಕ್ಕರೆ ಎಳೆದುಕೊಂಡು ಚಿತ್ರದಲ್ಲಿ ಬೆಳಗುತ್ತವೆ. ಎಲೆಅಡಿಕೆ ಜಗಿಯುತ್ತ ಕೂತರೆ ದವಡೆಯ ಕಥೆಯೂ ಅಷ್ಟೇ. ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್ ತಗೊಳ್ಳುವವರು ತಾವಾಗಿ ನಿಲ್ಲಿಸದೆ, ಸ್ಕ್ಯಾನ್ ಗೊತ್ತಾದ ದಿನವೇ ಡಾಕ್ಟರನ್ನು ಕೇಳಿ. ಹಳೆಯ ಸ್ಕ್ಯಾನಿನ ಸಿ.ಡಿ. ಮರೆಯದೆ ತನ್ನಿ. ಎರಡನೇ ಸಲ ಆದಷ್ಟು ಅದೇ ಯಂತ್ರದಲ್ಲೇ ಮಾಡಿಸಿ. ಸ್ಕ್ಯಾನ್ ಮುಗಿಸಿ ಊರಿಗೆ ಹೋದ ಆ ದಿನ ಎಳೆಮಕ್ಕಳನ್ನು ಎತ್ತಿಕೊಳ್ಳಬೇಡಿ, ಬಸುರಿಯರ ಪಕ್ಕ ಕೂರಬೇಡಿ. ಮರುದಿನದ ಹೊತ್ತಿಗೆ ಮೈಯಲ್ಲಿ ಆ ವಿಕಿರಣ ಇಲ್ಲವೆನ್ನುವಷ್ಟು ಇಳಿದಿರುತ್ತದೆ.