ಅಪ್ಪೆಮಿಡಿ ಸಂಸ್ಕರಣೆಯಲ್ಲಿ ನೀರು ಮತ್ತು ಉಪ್ಪಿನ ಪಾತ್ರ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಹೊಳೆ-ಹಳ್ಳಗಳ ದಂಡೆಯಲ್ಲಿ ಬೆಳೆಯುವ ಅಪ್ಪೆಮಾವಿನ ಮಿಡಿಯು ಉಪ್ಪಿನಕಾಯಿಗೆ ಹೆಸರಾಗಿದ್ದು, ಭೌಗೋಳಿಕ ಸೂಚಕ ಮಾನ್ಯತೆಯನ್ನೂ ಪಡೆದಿರುತ್ತದೆ. ಮಿಡಿ ಸಂಸ್ಕರಣಾ ಘಟಕ ಸ್ಥಾಪಿಸಲು ಅಥವಾ ಕಸಿ ಗಿಡಗಳನ್ನು ಪಡೆಯಲು ಅರ್ಜಿ ಸಲ್ಲಿಸಲಿಚ್ಛಿಸುವ ರೈತರು ಮತ್ತು ಸ್ವಸಹಾಯ ಸಂಘಗಳ ಸದಸ್ಯರು ಉಪ್ಪಿನ ಪ್ರಮಾಣವನ್ನು ಕಡಿಮೆ ಮಾಡಬಹುದೇ ಎಂದು ವಿಚಾರಿಸುವುದು ಸಾಮಾನ್ಯ. ಅವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮಿಡಿಯ ಪ್ರತಿಯೊಂದು ಜೀವಕೋಶವನ್ನೂ ತೆಳುವಾದ ಅರೆಪಾರಕ ಪೊರೆಯು ಆವರಿಸಿರುತ್ತದೆ. ಈ ಪೊರೆಯು ನೀರನ್ನು ಸುಲಭವಾಗಿ ಹಾಯಗೊಡುತ್ತದೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ಪೊರೆಯ ಎರಡೂ ಬದಿಯಲ್ಲಿ ದ್ರಾವಣದ ಸಾಂದ್ರತೆ ಬೇರೆ ಬೇರೆಯಾಗಿದ್ದಲ್ಲಿ ನೀರು ಸಾಂದ್ರತೆ ಹೆಚ್ಚಿರುವ ಕಡೆಗೆ ಹರಿಯುವುದನ್ನು ಅಭಿಸರಣೆ ಎನ್ನುತ್ತಾರೆ. ಫ್ರಾನ್ಸ್ ದೇಶದ ನೊಲೆ ಎಂಬ ವಿಜ್ಞಾನಿಯು 1748ರಲ್ಲಿ ಹಂದಿಯ ಮೂತ್ರಕೋಶದ ಪೊರೆಯನ್ನು ಬಳಸಿ ಇದನ್ನು ದಾಖಲಿಸಿದನು. ಮಲೆನಾಡಿನ ಗೃಹಿಣಿಯರಿಗೆ ಹೆಸರು ತಿಳಿಯದಿದ್ದರೂ ಕ್ರಿಯೆ ಚೆನ್ನಾಗಿ ತಿಳಿದಿತ್ತು.

ಮಿಡಿಯನ್ನು ಹರಳುಪ್ಪಿನೊಡನೆ ಪದರ ಪದರವಾಗಿ ಭರಣಿಗೆ ತುಂಬಿದಾಗ ಮೇಲ್ಮೈಯ ತೇವದಲ್ಲಿ ಉಪ್ಪು ಕರಗಿ ತೀಕ್ಷ್ಣ ದ್ರಾವಣವಾಗುತ್ತದೆ. ಕೋಶಗಳೊಳಗಿನ ನೀರು ಹೊರಬಂದು, ಬಿಗಿಯಾಗಿದ್ದ ಮಿಡಿಯು ಕೆಲವೇ ದಿನಗಳಲ್ಲಿ ಸುಕ್ಕುಗಟ್ಟುತ್ತದೆ. ಹನಿ ನೀರು ಹಾಕದಿದ್ದರೂ ಭರಣಿಯಲ್ಲಿ ರಸ ನಿಲ್ಲುವುದು ಇದರಿಂದಲೇ. ಕೋಶಗಳು ಸತ್ತ ನಂತರ ಪೊರೆಯ ತಡೆ ಮುರಿದು ಉಪ್ಪು ಒಳಸೇರುತ್ತದೆ. ಮಿಡಿಯನ್ನು ಕೆಡಿಸುವ ಸೂಕ್ಷ್ಮಜೀವಿಗಳೂ ಜೀವಕೋಶಗಳೇ ಆದುದರಿಂದ ಅವುಗಳ ನೀರನ್ನೂ ಉಪ್ಪು ಹೀಗೆಯೇ ಹೀರುತ್ತದೆ.

ಸಾಮಾನ್ಯ ಉಷ್ಣತೆಯಲ್ಲಿ 100 ಮಿ.ಲೀ. ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ರಸವನ್ನು ಕಲಕಿದ ಮೇಲೂ ತಳದಲ್ಲಿ ಕರಗದ ಹರಳು ಉಳಿದಿದ್ದರೆ ದ್ರಾವಣವು ಪೂರ್ಣ ತೀಕ್ಷ್ಣವಾಗಿದೆಯೆಂದು ತಿಳಿಯಬಹುದು. ಶುದ್ಧ ನೀರಿನ ಚಟುವಟಿಕೆಯನ್ನು 1 ಎಂದು ಗಣಿಸಿದರೆ ಇಂತಹ ದ್ರಾವಣದಲ್ಲಿ ಅದು 0.75 ಆಗಿರುತ್ತದೆ, ಕೊಳೆಸುವ ಬಹುತೇಕ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು. ಆರೋಗ್ಯದ ಕಾರಣಕ್ಕೆ ಉಪ್ಪು ಮಿತಗೊಳಿಸಬೇಕಾದವರು ತಟ್ಟೆಯಲ್ಲಿ ಮಿತಗೊಳಿಸುವುದು ಸೂಕ್ತವೇ ಹೊರತು ಭರಣಿಯಲ್ಲಲ್ಲ.

ಈ ಭಾಗದಲ್ಲಿ ಮಳೆಗಾಲವೇ ನಿಜವಾದ ಪರೀಕ್ಷೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಮಳೆ 7,000 ಮಿ.ಮೀ. ಮೀರುವುದುಂಟು. ಗಾಳಿಯ ಆರ್ದ್ರತೆ ಶೇ. 75ನ್ನು ದಾಟಿದಾಗ ಉಪ್ಪು ತಾನೇ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮುಚ್ಚಳ ಸಡಿಲವಿದ್ದರೆ ಮೇಲಿನ ರಸ ತೆಳುವಾಗಿ ಅಲ್ಲಿಯೇ ಬೂಷ್ಟು ಕಾಣಿಸಿಕೊಳ್ಳುತ್ತದೆ, ತಳದ ಮಿಡಿ ಚೆನ್ನಾಗಿಯೇ ಇರುತ್ತದೆ. ಒದ್ದೆ ಸೌಟಿನಿಂದಲೂ ಇದೇ ಹಾನಿ. ಬೇಸಿಗೆಯ ದುಡಿಮೆಯೆಲ್ಲ ಆಷಾಢದಲ್ಲಿ ತಿಪ್ಪೆ ಸೇರುವುದು ಬಹುಪಾಲು ಇಂತಹ ಅಜಾಗ್ರತೆಯಿಂದ. ನೆಲಕ್ಕೆ ಬಿದ್ದು ಜಜ್ಜಿದ ಮಿಡಿಯನ್ನು ಬಳಸಬಾರದು. ತೊಟ್ಟು ಸಹಿತ ಕೊಯ್ದಲ್ಲಿ ಪರಿಮಳದ ಸೊನೆಯೂ ಉಳಿಯುತ್ತದೆ.

ಮರದ ಜೀವನವೂ ಇದೇ ನಿಯಮವನ್ನು ಅವಲಂಬಿಸಿದೆ. ಬೇರಿನ ಕೋಶರಸವು ಮಣ್ಣಿನ ನೀರಿಗಿಂತ ಸಾಂದ್ರವಾಗಿರುವುದರಿಂದ ನೀರು ಬೇರಿನೊಳಗೆ ಬರುತ್ತದೆ. ನೀರಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣದಿಂದಾಗಿ, ಎಲೆಗಳು ಆವಿಯನ್ನು ಬಿಟ್ಟಂತೆಲ್ಲ ನೀರಿನ ಎಳೆಯು ತುಂಡಾಗದೆ ತುದಿಯವರೆಗೆ ಏರುತ್ತದೆ. ಎಳೆಯ ಕಸಿ ಗಿಡದ ಬುಡಕ್ಕೆ ರಾಸಾಯನಿಕ ಗೊಬ್ಬರವನ್ನು ಅತಿಯಾಗಿ ಸುರಿದಲ್ಲಿ ಹರಿವು ತಿರುಗಿ, ಭರಣಿಯ ಮಿಡಿಗೆ ಆದುದೇ ಬೇರಿಗೂ ಆಗುತ್ತದೆ. ಗಿಡ ಸುಟ್ಟಂತೆ ಒಣಗಿದಾಗ ನರ್ಸರಿಯನ್ನು ದೂರುವುದಕ್ಕೆ ಮುನ್ನ ಇದನ್ನು ಪರಿಶೀಲಿಸತಕ್ಕದ್ದು.

ಮಿಡಿಗಾಗಿ ಕೊಂಬೆಗಳನ್ನೇ ಕಡಿಯುವುದರಿಂದ ಹಳೆಯ ಮರಗಳು ನಶಿಸುತ್ತಿವೆ. ಎಲ್ಲ ಮಿಡಿಯನ್ನೂ ಕೊಯ್ದಲ್ಲಿ ಹಣ್ಣಾಗಿ ಬೀಳಲು ಏನೂ ಉಳಿಯದೆ ಸಸಿ ಹುಟ್ಟುವುದೂ ನಿಲ್ಲುತ್ತದೆ. ಓಟೆಯಿಂದ ಬೆಳೆದ ಗಿಡವು ತಾಯಿಮರದ ಗುಣವನ್ನೇ ಹೊಂದುವ ಖಾತರಿ ಇಲ್ಲವಾದ್ದರಿಂದ ಉತ್ತಮ ಮರಗಳ ಕಸಿ ಮಾಡುವುದು ಅಗತ್ಯ. ಕಸಿ ಗಿಡಗಳ ಲಭ್ಯತೆಯ ಬಗ್ಗೆ ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ಮಳೆಗಾಲಕ್ಕೆ ಮುಂಚಿತವಾಗಿ ವಿಚಾರಿಸುವುದು. ಉಪ್ಪಿನಕಾಯಿಯನ್ನು ಮಾರಾಟ ಮಾಡುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರನ್ವಯ ನೋಂದಣಿ ಅಥವಾ ಪರವಾನಗಿಯನ್ನು ಪಡೆದಿರತಕ್ಕದ್ದು.