ಮೋಟಾರು ಕಾರಿನ ಗಾಳಿಚೀಲವೂ ಅದರ ಎಚ್ಚರಿಕೆಯ ದೀಪವೂ

ಮೋಟಾರು ಕಾರಿನ ಬೀಗದ ಕೈಯನ್ನು ತಿರುಗಿಸಿದೊಡನೆ ಚಾಲಕನ ಎದುರಿನ ಫಲಕದಲ್ಲಿ ಹಲವು ದೀಪಗಳು ಒಟ್ಟಿಗೆ ಬೆಳಗುವುದನ್ನು ವಾಚಕರು ನೋಡಿರಬಹುದು. ಅವುಗಳಲ್ಲಿ ಒಂದರ ಮೇಲೆ, ಕುಳಿತ ಮನುಷ್ಯನ ಎದೆಯ ಮುಂದೆ ದೊಡ್ಡ ಚೆಂಡೊಂದನ್ನಿಟ್ಟಂತೆ ತೋರುವ ಸಣ್ಣ ಚಿತ್ರವಿರುತ್ತದೆ. ಈ ದೀಪವು ಕೆಲವೇ ಸೆಕೆಂಡುಗಳ ಕಾಲ ಉರಿದು ತಾನಾಗಿಯೇ ಆರಿಹೋಗತಕ್ಕದ್ದು. ಆರದೆ ಉಳಿದರೂ ಕಾರಿನ ಓಟಕ್ಕೇನೂ ಅಡ್ಡಿಯಾಗದು. ಎಂಜಿನ್ ಎಂದಿನಂತೆ ನಡೆಯುತ್ತದೆ, ಬ್ರೇಕು ಹಿಡಿಯುತ್ತದೆ. ಆದುದರಿಂದಲೇ ಈ ದೀಪವನ್ನು ತಿಂಗಳುಗಟ್ಟಲೆ ಲೆಕ್ಕಿಸದೆ ಓಡಾಡುವವರು ಬಹಳ ಮಂದಿ. ಪಟ್ಟಣದಲ್ಲಿ ಕೆಲವು ವರ್ಷ ಓಡಿದ ಕಾರನ್ನು ಕೊಂಡು, ಕುರ್ಡಿಯಂಥ ಊರಿನಿಂದ ಮಾನ್ವಿಗೂ ದೇವದುರ್ಗಕ್ಕೂ ರಾಯಚೂರಿಗೂ ಬಾಡಿಗೆಗೆ ಓಡಿಸುವ ಚಾಲಕನು ಈ ದೀಪದ ಅರ್ಥವನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿದಿರಬೇಕು. ಅವನ ಹಿಂದೆ ಇನ್ನೂ ನಾಲ್ಕು ಜೀವಗಳು ಕುಳಿತಿರುತ್ತವೆ.

ಮೊದಲು ಗಾಳಿಚೀಲದ ಅಗತ್ಯವೇನೆಂಬುದನ್ನು ವಿಚಾರಿಸೋಣ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಮೂರು ಅಂತಸ್ತಿನ ಮನೆಯ ಮೇಲಿನಿಂದ, ಎಂದರೆ ಸುಮಾರು 10 ಮೀಟರ್ ಎತ್ತರದಿಂದ, ಬಿದ್ದ ವಸ್ತುವು ನೆಲವನ್ನು ಮುಟ್ಟುವಾಗ ಹೊಂದಿರುವ ವೇಗವೂ ಇಷ್ಟೇ. ಕಾರು ಗೋಡೆಗೆ ಬಡಿದು ನಿಂತರೂ ಒಳಗಿನ ಮನುಷ್ಯನು ನಿಲ್ಲುವುದಿಲ್ಲ. ನ್ಯೂಟನ್ನನ ಮೊದಲನೆಯ ನಿಯಮದಂತೆ ಅವನ ದೇಹವು ಅದೇ ವೇಗದಲ್ಲಿ ಮುಂದುವರಿಯುತ್ತದೆ. ಈಗ ಐದು ಕಿಲೋಗ್ರಾಂ ತೂಗುವ ಅವನ ತಲೆಯು ಸ್ಟೀರಿಂಗ್ ಚಕ್ರಕ್ಕೆ ತಾಗಿ ಕೇವಲ 3 ಸೆಂಟಿಮೀಟರ್ ದೂರದೊಳಗೆ ನಿಂತಿತೆಂದು ಭಾವಿಸಿರಿ. ವೇಗದ ವರ್ಗವನ್ನು ನಿಲ್ಲುವ ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗಕ್ಷಯವು ದೊರೆಯುವುದೆಂದು ಭೌತಶಾಸ್ತ್ರದ ತರಗತಿಯಲ್ಲಿ ಕಲಿತಿರುವಿರಷ್ಟೆ. ಹಾಗೆ ಲೆಕ್ಕ ಹಾಕಿದರೆ ತಲೆಯ ಮೇಲೆ ಬೀಳುವ ಬಲವು ಸರಿಸುಮಾರು 1,600 ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ಅದೇ ತಲೆಯು 30 ಸೆಂಟಿಮೀಟರ್ ದೂರದಲ್ಲಿ ಮೆಲ್ಲಗೆ ನಿಂತರೆ ಬಲವು ಹತ್ತನೆಯ ಒಂದು ಪಾಲಿಗೆ, ಸುಮಾರು 160 ಕಿಲೋಗ್ರಾಂ ಭಾರಕ್ಕೆ ಇಳಿಯುತ್ತದೆ. ಅದೂ ಮೊನಚಾದ ಒಂದು ಜಾಗದಲ್ಲಿ ಬೀಳದೆ ಮುಖದ ಮತ್ತು ಎದೆಯ ಮೇಲೆಲ್ಲ ಹರಡಿಕೊಳ್ಳುತ್ತದೆ. ಬದುಕಿಗೂ ಸಾವಿಗೂ ನಡುವಿನ ಅಂತರವು ಅನೇಕ ವೇಳೆ ಈ 27 ಸೆಂಟಿಮೀಟರುಗಳೇ. ಅವನ್ನು ಒದಗಿಸಿಕೊಡುವುದೇ ಗಾಳಿಚೀಲದ ಕೆಲಸ.

ಈ ವಿಚಾರವು ಹೊಸದಲ್ಲ. ಜರ್ಮನಿಯ ವಾಲ್ಟರ್ ಲಿಂಡರರ್ ಮತ್ತು ಅಮೆರಿಕದ ಜಾನ್ ಹೆಟ್ರಿಕ್ ಇಬ್ಬರೂ 1953ರಲ್ಲಿ ಬೇರೆ ಬೇರೆಯಾಗಿ ಪೇಟೆಂಟ್ ಪಡೆದರು. ಆದರೆ ಅವರು ನೆಚ್ಚಿಕೊಂಡಿದ್ದುದು ಒತ್ತಿ ತುಂಬಿದ ಗಾಳಿಯನ್ನು. ಅದು ಚೀಲವನ್ನು ಸಾಕಷ್ಟು ಬೇಗ ಉಬ್ಬಿಸಲಾರದು. ಢಿಕ್ಕಿಯೆಂಬುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟರಲ್ಲಿ ಮುಗಿದುಹೋಗುವ ಕಥೆ. ಅಷ್ಟರೊಳಗೆ ಅಪಘಾತವನ್ನು ಗುರುತಿಸಿ, ಸುಮಾರು 60 ಲೀಟರ್ ಹಿಡಿಸುವ ಚೀಲವನ್ನು ತುಂಬಿ ಸಿದ್ಧವಾಗಿಡಬೇಕು. ಇದಕ್ಕೆ ಪರಿಹಾರವು ದೊರೆತದ್ದು ರಸಾಯನಶಾಸ್ತ್ರದಿಂದ. ಸೋಡಿಯಂ ಅಜೈಡ್ ಎಂಬ ಘನವಸ್ತುವನ್ನು ಕಿಡಿಯಿಂದ ಕಾಯಿಸಿದರೆ ಅದು ಒಡೆದು ಸಾರಜನಕ ಅನಿಲವನ್ನು ಹೇರಳವಾಗಿ ಬಿಡುತ್ತದೆ. ಈ ವಸ್ತುವು ವಿಷವಾದುದರಿಂದ ಈಚಿನ ಕಾರುಗಳಲ್ಲಿ ಗ್ವಾನಿಡೀನ್ ನೈಟ್ರೇಟಿನಂಥ ಬೇರೆ ಸಂಯುಕ್ತಗಳು ಬಳಕೆಗೆ ಬಂದಿವೆ. ಢಿಕ್ಕಿಯಾದ ಬಳಿಕ 15 ರಿಂದ 20 ಮಿಲಿಸೆಕೆಂಡುಗಳಲ್ಲಿ ತೀರ್ಮಾನ, ಇನ್ನು 30 ಮಿಲಿಸೆಕೆಂಡುಗಳಲ್ಲಿ ಚೀಲದ ಉಬ್ಬುವಿಕೆ. ಎರಡೂ ಸೇರಿ ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯುವುದಕ್ಕಿಂತ ಕಡಿಮೆ ಕಾಲ! ಚೀಲದ ಹಿಂಬದಿಯಲ್ಲಿ ರಂಧ್ರಗಳಿರುವುದರಿಂದ, ಮನುಷ್ಯನು ಬಂದು ಒರಗಿದಂತೆ ಅನಿಲವು ಹೊರಹೋಗಿ ಚೀಲವು ಕುಗ್ಗುತ್ತದೆ. ಕುಗ್ಗದ ಚೀಲವು ಚೆಂಡಿನಂತೆ ಅವನನ್ನು ಹಿಂದಕ್ಕೆ ಎಸೆದೀತು.

ದೀಪದ ವಿಷಯಕ್ಕೆ ಬರೋಣ. ಕಾರಿನ ನಡುಭಾಗದಲ್ಲಿ, ಸಾಮಾನ್ಯವಾಗಿ ಗೇರಿನ ಹಿಡಿಯ ಬಳಿಯ ಮುಚ್ಚಿಗೆಯ ಕೆಳಗೆ, ನಿಯಂತ್ರಕವೆಂಬ ಸಣ್ಣ ಪೆಟ್ಟಿಗೆಯಿರುತ್ತದೆ. ಕಾರಿನ ವೇಗವು ಎಷ್ಟು ಥಟ್ಟನೆ ಕುಗ್ಗುತ್ತಿದೆಯೆಂಬುದನ್ನು ಅಳೆದು ಚೀಲವನ್ನು ಬಿಡಿಸಬೇಕೇ ಬೇಡವೇ ಎಂದು ನಿರ್ಧರಿಸುವುದು ಇದೇ. ಪ್ರತಿಯೊಂದು ಚೀಲದ ಕಿಡಿಹೊತ್ತಿಸುವ ತಂತಿಗೂ ಸುಮಾರು ಎರಡು ಓಮ್ ರೋಧವಿರುತ್ತದೆ. ಕಾರು ನಡೆಯುತ್ತಿರುವಷ್ಟು ಕಾಲವೂ ನಿಯಂತ್ರಕವು ಅತ್ಯಲ್ಪ ವಿದ್ಯುತ್ಪ್ರವಾಹವನ್ನು ಹರಿಸಿ ಆ ರೋಧವನ್ನು ಪರೀಕ್ಷಿಸುತ್ತಲೇ ಇರುತ್ತದೆ. ಕಿಡಿ ಹೊತ್ತಲು ಒಂದು ಆಂಪಿಯರಿಗೂ ಮೇಲ್ಪಟ್ಟ ಪ್ರವಾಹ ಬೇಕಾದುದರಿಂದ ಈ ಪರೀಕ್ಷೆಯಿಂದ ಅಪಾಯವಿಲ್ಲ. ರೋಧವು ಹೆಚ್ಚಿದರೆ ಎಲ್ಲೋ ತಂತಿ ಕಡಿದಿದೆ, ಕಡಿಮೆಯಾದರೆ ಎಲ್ಲೋ ಒಂದಕ್ಕೊಂದು ತಾಗಿದೆ. ಕೂಡಲೇ ದೀಪವು ಹೊತ್ತಿಕೊಳ್ಳುತ್ತದೆ. ದೋಷವಿರುವಾಗ ಅನೇಕ ಕಾರುಗಳಲ್ಲಿ ಚೀಲದ ವ್ಯವಸ್ಥೆಯು ಪೂರ್ತಿಯಾಗಿಯೋ ಭಾಗಶಃವಾಗಿಯೋ ಕೆಲಸವನ್ನು ನಿಲ್ಲಿಸಿರುತ್ತದೆ. ಆದುದರಿಂದ ದೀಪದ ಅರ್ಥ ‘ಅಪಘಾತವಾದರೆ ನನ್ನನ್ನು ನಂಬಬೇಡ’ ಎಂದೇ.

ದೋಷವು ಬಹುಮಟ್ಟಿಗೆ ಸಣ್ಣದೇ ಆಗಿರುತ್ತದೆ. ಮುಂದಿನ ಆಸನವನ್ನು ಹಿಂದಕ್ಕೂ ಮುಂದಕ್ಕೂ ಸರಿಸುವಾಗ ಅದರಡಿಯ ತಂತಿಯ ಜೋಡಣೆ ಸಡಿಲವಾಗುವುದುಂಟು. ಆಸನದಡಿಯಲ್ಲಿ ನೀರು ನಿಂತು ಜೋಡಣೆಗೆ ಕಿಲುಬು ಹಿಡಿಯುವುದುಂಟು. ಬ್ಯಾಟರಿಯ ಶಕ್ತಿ ಕುಂದಿದ್ದರೂ ದೀಪ ಹೊತ್ತಬಹುದು. ಹೊಲದ ಬದಿಯಲ್ಲಿ ಕಾರನ್ನು ನಿಲ್ಲಿಸುವವರಿಗೆ ಇಲಿಯ ಹಲ್ಲಿನ ಪ್ರತಾಪವನ್ನು ಬೇರೆ ಹೇಳಬೇಕಾಗಿಲ್ಲ. ಸ್ಟೀರಿಂಗ್ ಚಕ್ರದ ಒಳಗೆ ಗಡಿಯಾರದ ಸುರುಳಿಯಂತೆ ಸುತ್ತಿದ ಚಪ್ಪಟೆ ತಂತಿಯೊಂದಿದೆ. ಚಕ್ರವು ಎಷ್ಟು ತಿರುಗಿದರೂ ಚೀಲಕ್ಕೆ ವಿದ್ಯುತ್ ಸಂಪರ್ಕವನ್ನು ಕಾಯುವುದು ಅದೇ. ವರ್ಷಗಳ ತಿರುವಿನಲ್ಲಿ ಅದು ಸವೆದು ಕಡಿಯುತ್ತದೆ. ಹಾರನ್ನು ಕೂಡ ಅದರೊಂದಿಗೇ ಮೌನವಾದರೆ ರೋಗವು ಅಲ್ಲಿಯೇ ಇದೆಯೆಂದು ಊಹಿಸಬಹುದು.

ಹಳೆಯ ಕಾರನ್ನು ಕೊಳ್ಳುವವರಿಗೆ ಇನ್ನೊಂದು ಮಾತು. ಒಮ್ಮೆ ಅಪಘಾತಕ್ಕೀಡಾಗಿ ಚೀಲ ಬಿಚ್ಚಿಕೊಂಡ ಕಾರಿಗೆ ಹೊಸ ಚೀಲವನ್ನು ಹಾಕಿಸುವುದು ದುಬಾರಿಯ ಕೆಲಸ. ಅದನ್ನು ತಪ್ಪಿಸಿಕೊಳ್ಳಲು ಬರಿಯ ಮುಚ್ಚಳವನ್ನು ಹೊಂದಿಸಿ, ಚೀಲದ ತಂತಿಗೆ ಬದಲಾಗಿ ಎರಡು ಓಮಿನ ರೋಧಕವನ್ನು ಸಿಕ್ಕಿಸಿ ನಿಯಂತ್ರಕವನ್ನು ಮೋಸಗೊಳಿಸುವ ಕೈಚಳಕವುಂಟು. ಬಲ್ಬನ್ನೇ ಕಿತ್ತುಹಾಕುವುದು, ಇಲ್ಲವೆ ದೀಪವನ್ನು ಬ್ಯಾಟರಿಯ ದೀಪಕ್ಕೆ ಜೋಡಿಸುವುದು ಇನ್ನೂ ಅಗ್ಗದ ವಿದ್ಯೆ. ಬೀಗದ ಕೈಯನ್ನು ತಿರುಗಿಸಿದಾಗ ಚೀಲದ ದೀಪವು ಹೊತ್ತಲೇ ಇಲ್ಲವೆ? ಅಥವಾ ಎಂಜಿನ್ ಚಾಲೂ ಆದ ಕ್ಷಣದಲ್ಲಿಯೇ ಬ್ಯಾಟರಿಯ ದೀಪದೊಂದಿಗೆ ಕೂಡಿ ಆರಿತೆ? ಎರಡೂ ಸಂಶಯಕ್ಕೆ ಕಾರಣಗಳೇ. ಆದರೆ ರೋಧಕದ ಮೋಸವನ್ನು ದೀಪವು ತೋರಿಸಲಾರದು. ಮುಚ್ಚಳವನ್ನು ಬಿಚ್ಚಿ ನೋಡಬಲ್ಲ ತಜ್ಞನೇ ಬೇಕು. ಭಾರತದಲ್ಲಿ ಚಾಲಕನ ಗಾಳಿಚೀಲವು 2019ರ ಜುಲೈ 1 ರಿಂದ ತಯಾರಾದ ಕಾರುಗಳಿಗೆ ಮಾತ್ರ ಕಡ್ಡಾಯವಾದುದರಿಂದ, ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲಿ ಚೀಲವೂ ಇಲ್ಲ, ದೀಪವೂ ಇಲ್ಲ.

ದೋಷವು ಕಾರ್ಖಾನೆಯಿಂದಲೇ ಬರುವುದೂ ಉಂಟು. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಸಂಸ್ಥೆಯು 17,362 ಕಾರುಗಳನ್ನೂ, ಟೊಯೋಟಾ ಸಂಸ್ಥೆಯು 1,390 ಕಾರುಗಳನ್ನೂ ಹಿಂದಕ್ಕೆ ಕರೆಸಿ ನಿಯಂತ್ರಕವನ್ನು ಪರೀಕ್ಷಿಸಿದುವು. ಅವೆಲ್ಲ 2022ರ ಡಿಸೆಂಬರ್ 8 ರಿಂದ 2023ರ ಜನವರಿ 12ರವರೆಗೆ ತಯಾರಾದವು. ಈ ಪಟ್ಟಿಯಲ್ಲಿದ್ದ ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್ ಕಾರುಗಳು ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಅಪರೂಪಕ್ಕೆ ಅಪಘಾತದಲ್ಲಿ ಚೀಲವೂ ಆಸನದ ಪಟ್ಟಿಯನ್ನು ಬಿಗಿಯುವ ಸಾಧನವೂ ಕೆಲಸಮಾಡದಿರಬಹುದೆಂಬುದು ಅಲ್ಲಿನ ಭೀತಿ. ತಯಾರಕನು ಮುಂದಾಗಿ ಹೇಳಿ ಸರಿಪಡಿಸಿಕೊಡುವುದು ಒಳ್ಳೆಯ ಪದ್ಧತಿಯೆಂದೇ ನನ್ನ ಎಣಿಕೆ.

ಜಪಾನಿನ ತಕಾಟ ಸಂಸ್ಥೆಯ ಪ್ರಕರಣವು ಇದಕ್ಕಿಂತ ಘೋರವಾದುದು. ಅದು ಚೀಲವನ್ನು ಉಬ್ಬಿಸಲು ಅಮೋನಿಯಂ ನೈಟ್ರೇಟನ್ನು ಬಳಸಿತು. ಬಂಡೆಗಳನ್ನು ಸಿಡಿಸುವ ಮಿಶ್ರಣಗಳಲ್ಲಿರುವ ವಸ್ತುವೇ ಇದು. ಹಗಲಿನ ಕಾವು, ಇರುಳಿನ ತಂಪು, ಜೊತೆಗೆ ಗಾಳಿಯ ತೇವ ಇವು ವರ್ಷಗಟ್ಟಲೆ ಕಾಡಿದರೆ ಅದರ ಬಿಲ್ಲೆಗಳು ಬಿರುಕುಬಿಟ್ಟು ಪುಡಿಯಾಗುತ್ತವೆ. ಪುಡಿಗೆ ಮೇಲ್ಮೈ ಹೆಚ್ಚು; ಆದುದರಿಂದ ಉರಿಯುವ ವೇಗವೂ ಹೆಚ್ಚು. ಅಪಘಾತದಲ್ಲಿ ಅದು ಒಮ್ಮೆಗೇ ಹೊತ್ತಿಕೊಂಡು ಲೋಹದ ಕೋಶವನ್ನೇ ಸಿಡಿಸಿ, ಕಾಪಾಡಬೇಕಾಗಿದ್ದ ಮನುಷ್ಯನ ಮೇಲೆಯೇ ಚೂರುಗಳನ್ನು ಎರಚಿತು. ಅಮೆರಿಕವೊಂದರಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಸಂಸ್ಥೆಯು 2017ರಲ್ಲಿ ದಿವಾಳಿಯೆದ್ದಿತು. ಭಾರತದಲ್ಲಿಯೂ ಹೋಂಡಾ ಮೊದಲಾದ ಸಂಸ್ಥೆಗಳು ಇಂಥ ಕಾರುಗಳನ್ನು ಕರೆಸಿ ಭಾಗವನ್ನು ಬದಲಾಯಿಸಿಕೊಟ್ಟುವು. ಸೆಕೆಯೂ ತೇವವೂ ಕೂಡಿದ ಮಂಗಳೂರಿನಂಥ ಕಡಲ ತೀರಕ್ಕೆ ಹೋಲಿಸಿದರೆ ಕೃಷ್ಣಾ–ತುಂಗಭದ್ರೆಗಳ ನಡುವಿನ ಒಣ ಹವೆಯು ಈ ಒಂದು ವಿಷಯದಲ್ಲಿ ಮೇಲು. ರಾಯಚೂರಿನ ಬಿಸಿಲನ್ನು ಹೊಗಳಲು ಇಂಥ ಅವಕಾಶಗಳು ಹೆಚ್ಚಿಲ್ಲ. ಇಲ್ಲಿ ಗಮನಿಸಬೇಕಾದುದೆಂದರೆ, ಪುಡಿಯಾದ ಬಿಲ್ಲೆಯನ್ನು ದೀಪವು ಎಂದಿಗೂ ಸೂಚಿಸದು. ಅದು ಪರೀಕ್ಷಿಸುವುದು ವಿದ್ಯುತ್ತಿನ ದಾರಿಯನ್ನು, ಔಷಧದ ಗುಣವನ್ನಲ್ಲ. ಹಳೆಯ ಕಾರನ್ನು ಕೊಂಡವನು ಅದರ ಚಾಸಿ ಸಂಖ್ಯೆಯನ್ನು ತಯಾರಕರ ಸೇವಾ ಕೇಂದ್ರದಲ್ಲಿ ಕೊಟ್ಟು, ಹಿಂದಕ್ಕೆ ಕರೆಸಿದ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಬೇಕು.

ಚೀಲವು ಎಲ್ಲ ಅಪಘಾತಗಳಿಗೂ ಮದ್ದಲ್ಲ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆಯೇ ಮಗುಚಿ ಆರು ಮಂದಿ ಅಸುನೀಗಿದರು. ಸುರಕ್ಷತೆಗೆ ಹೆಸರಾದ ಕಾರು ಅದು. ಆದರೆ ಮೇಲಿನಿಂದ ಬಿದ್ದ ಭಾರಕ್ಕೆ ಯಾವ ಚೀಲ ತಾನೆ ಉತ್ತರವಾದೀತು? ಇನ್ನು ಆಸನದ ಪಟ್ಟಿಯನ್ನು ಕಟ್ಟಿಕೊಳ್ಳದವನಿಗೆ ಚೀಲವೇ ಶತ್ರುವಾಗಬಹುದು. ಬ್ರೇಕು ಹಾಕಿದಾಗಲೇ ಅವನು ಮುಂದಕ್ಕೆ ಜಾರಿರುತ್ತಾನೆ. ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಉಬ್ಬುತ್ತಿರುವ ಚೀಲವು ಅವನ ಮುಖಕ್ಕೆ ಬಡಿಯುತ್ತದೆ. ಎದೆಗೂ ಚಕ್ರದ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕೆನ್ನುವುದು ಇದಕ್ಕಾಗಿಯೇ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಆಸನದಲ್ಲಿ ಕೂರುವ ನಮ್ಮ ವಾಡಿಕೆ ಅತ್ಯಂತ ಅಪಾಯಕರ. ಚೀಲಕ್ಕೂ ದೊಡ್ಡವರ ದೇಹಕ್ಕೂ ನಡುವೆ ಸಿಕ್ಕುವುದು ಮಗುವೇ. ಕಾರಿನ ಮೂತಿಗೆ ಕಬ್ಬಿಣದ ಬೇಲಿಯನ್ನು ಕಟ್ಟಿಸುವುದನ್ನು ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿ ಕಾನೂನುಬಾಹಿರವೆಂದು ಸಾರಿತು. ಬೇಲಿಯಿಂದ ಢಿಕ್ಕಿಯ ಪೆಟ್ಟು ಹರಡುವ ಬಗೆ ಬದಲಾಗಿ ನಿಯಂತ್ರಕದ ಲೆಕ್ಕಾಚಾರವೇ ತಪ್ಪಬಹುದು.

ಕೊನೆಯದಾಗಿ, ಚೀಲದ ತಂತಿಗಳು ಸಾಮಾನ್ಯವಾಗಿ ಹಳದಿಯ ಹೊದಿಕೆಯೊಳಗೋ ಹಳದಿಯ ಜೋಡಣೆಯಲ್ಲೋ ಇರುತ್ತವೆ. ಕಾರಿಗೆ ರೇಡಿಯೋ ಕೂರಿಸುವವರು ಅವುಗಳಿಗೆ ಕೈಹಾಕಬಾರದು. ಬ್ಯಾಟರಿಯನ್ನು ಬಿಚ್ಚಿದ ಮೇಲೂ ನಿಯಂತ್ರಕದ ಧಾರಕದಲ್ಲಿ ಒಂದು ಕಿಡಿಗೆ ಸಾಕಾಗುವಷ್ಟು ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ. ಅಪಘಾತದಲ್ಲಿ ಬ್ಯಾಟರಿ ಕಿತ್ತುಹೋದರೂ ಚೀಲ ತೆರೆಯಲೆಂದೇ ಈ ಏರ್ಪಾಡು. ಎಷ್ಟು ಹೊತ್ತು ಕಾಯಬೇಕೆಂಬುದು ಕಾರಿನೊಂದಿಗೆ ಬರುವ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ.